ನಿಂಬೆವ್ವನ ಗಿಡದಲ್ಲಿ ಉಳಿದ ಕಾಯಿ

ನನ್ನ ಸೊಸೆ ನಿಂಬೆವ್ವ ತೀರಿಕೊಂಡದ್ದು ನನಗೆ ತಿಳಿದದ್ದು ಒಂದು ಸೋಮವಾರ ಬೆಳಿಗ್ಗೆ, ಪೂಜೆ ಮುಗಿಸಿ ಚಟ್ನಿಗೆಂದು ಚೀಲಗಾಯಿ ಕೀಳಲು ಹಿತ್ತಲಿಗೆ ಹೋದಾಗ. ಅವಳ ಗಿಡಕ್ಕೆ ಕೈಹಾಕಿ ಒಂದು ಕಾಯಿಯನ್ನು ಎರಡು ಬೆರಳಲ್ಲಿ ಒತ್ತಿದೆ. ಪೊರೆ ಒಣ ಎಲೆಯಂತೆ ಸದ್ದು ಮಾಡಿ ಒಳಕ್ಕೆ ಕುಸಿಯಿತು. ಒಳಗೆ ಏನೂ ಇರಲಿಲ್ಲ. ಪಕ್ಕದ್ದನ್ನು ಒತ್ತಿದೆ. ಅದೂ ಹಾಗೆಯೇ. ಹಿಂದಿನ ಸಂಜೆ ನೀರು ಹಾಕುವಾಗ ಅವೆಲ್ಲ ಪೊರೆ ಬಿರಿಯುವಷ್ಟು ತುಂಬಿಕೊಂಡಿದ್ದನ್ನು ನಾನೇ ಕಂಡಿದ್ದೆ. ಬುಟ್ಟಿಯನ್ನು ಕೆಳಗಿಟ್ಟು, ತಲೆಯ ಮೇಲಿನ ರುಮಾಲು ತೆಗೆದು, ಅಲ್ಲಿಯೇ ಮಣ್ಣಿನ ಮೇಲೆ ಕುಳಿತೆ. ನಮ್ಮ ಊರಿನಲ್ಲಿ ಸಾವಿನ ಸುದ್ದಿಯನ್ನು ಯಾರೂ ಬಂದು ಹೇಳಬೇಕಾಗಿಲ್ಲ.

ಚೀಲಗಾಯಿಯನ್ನು ಹೊರಗಿನವರು ಟೊಮ್ಯಾಟಿಲೊ ಎನ್ನುತ್ತಾರೆಂದು ಬೀಜ ಮಾರಲು ಬಂದವನೊಬ್ಬ ಒಮ್ಮೆ ಹೇಳಿದ್ದ. ಸೊಂಟದೆತ್ತರದ, ಮೈಚೆಲ್ಲಿ ಬೆಳೆಯುವ ಗಿಡ. ಹಳದಿ ಹೂ ಉದುರಿದ ಮೇಲೆ ಅಲ್ಲೊಂದು ಹಸಿರು ಕಾಗದದ ಬುಡ್ಡಿಯಂಥ ಪೊರೆ ಉಬ್ಬುತ್ತದೆ. ಕಾಯಿ ಅದರೊಳಗೆ ಗುಟ್ಟಾಗಿ ಬೆಳೆದು ಪೊರೆಯನ್ನು ತುಂಬುತ್ತದೆ. ಸುಲಿದರೆ ಕೈಗೆಲ್ಲ ಅಂಟು. ಕೆಂಡದಲ್ಲಿ ಸುಟ್ಟು, ಹಸಿಮೆಣಸಿನಕಾಯಿ, ಬಳ್ಳುಳ್ಳಿ ಇಟ್ಟು ಅರೆದರೆ ಜೋಳದ ರೊಟ್ಟಿಗೆ ಬೇರೆ ಪಲ್ಯ ಬೇಡ. ಒಂಟಿ ಗಿಡ ಎಷ್ಟು ಹೂ ಬಿಟ್ಟರೂ ಕಾಯಿ ಕಟ್ಟುವುದಿಲ್ಲ, ಮಗ್ಗುಲಲ್ಲಿ ಇನ್ನೊಂದು ಬೇಕು. ಅದಕ್ಕಾಗಿಯೇ ನಮ್ಮ ಊರಿನಲ್ಲಿ ಯಾರೂ ಒಬ್ಬರೇ ಮನೆ ಮಾಡುವುದಿಲ್ಲ. ಎಳ್ಳಮಾವಾಸ್ಯೆ ಮುಗಿದ ಮೇಲೆ ಮನೆಯ ಪ್ರತಿಯೊಬ್ಬರ ಹೆಸರಿನಲ್ಲಿ ಒಂದೊಂದು ಸಸಿ ನೆಡುತ್ತೇವೆ. ದೂರ ಹೋದವರಿದ್ದ ಮನೆಯಲ್ಲಿ ಹೆಂಗಸರು ಮುಖ ತೊಳೆಯುವುದಕ್ಕೆ ಮೊದಲು ಹಿತ್ತಲಿಗೆ ಹೋಗಿ ಅವರ ಗಿಡದ ಕಾಯಿಗಳನ್ನು ಒತ್ತಿ ನೋಡಿ ಬರುತ್ತಾರೆ. ತುಂಬಿದ್ದರೆ ಒಲೆ ಹಚ್ಚುತ್ತಾರೆ. ನನ್ನ ಮಗ, ನಿಂಬೆವ್ವನ ಗಂಡ ಗುರುಪಾದನ ಗಿಡ ಬರಿದಾದಾಗಲೂ ಹೀಗೆಯೇ, ನಿಂಬೆವ್ವನೇ ಬಂದು, "ಮಾಂವಾರ, ಇವತ್ತ ಒಲಿ ಹಚ್ಚೂದಿಲ್ಲ" ಎಂದಷ್ಟೇ ಹೇಳಿದ್ದಳು. ಅಲ್ಲಿಂದ ಈಚೆಗೆ ನಮ್ಮ ಹಿತ್ತಲಿನಲ್ಲಿ ಎರಡೇ ಗಿಡ, ಅವಳದು ಮತ್ತು ನನ್ನದು.

ಅವಳು ಈ ಸಲದ ಸಸಿ ನಾಟಿ ಮುಗಿಸಿ, ತಾಯಿಗೆ ಮೈಯಲ್ಲಿ ಸರಿಯಿಲ್ಲವೆಂದು ತವರಿಗೆ ಹೋಗಿದ್ದಳು. ಚಳಿಯೆಂದು ಮೈತುಂಬ ಕಂಬಳಿ ಹೊದ್ದು ಗಾಡಿ ಹತ್ತಿದವಳು, "ನನ್ನ ಗಿಡಕ್ಕ ಬೂದಿ ಹಾಕ್ರಿ. ನಿಮ್ಮ ಗಿಡಕ್ಕಷ್ಟ ಹಾಕ್ಕೊಂಡು ಕುಂತೀರಿ ಮತ್ತ" ಎಂದು ನಕ್ಕಿದ್ದಳು. ನಾನು ಇಬ್ಬರ ಗಿಡಕ್ಕೂ ಬೂದಿ ಹಾಕಿದ್ದೆ.

ಮಧ್ಯಾಹ್ನದ ಹೊತ್ತಿಗೆ ಅವಳ ಅಣ್ಣ ಭರಮಣ್ಣ ಬಂದ. ಅಂಗಳದಲ್ಲಿಯೇ ನಿಂತ. ನೀರು ಕೊಟ್ಟರೆ ಮುಟ್ಟಲಿಲ್ಲ. "ಜ್ವರ ಬಂದಿತ್ತರಿ. ಹೋದಳು. ಮಣ್ಣ ಮಾಡೇವಿ" ಎಂದ. ನಾನು ಬರುತ್ತೇನೆಂದೆ. "ಬ್ಯಾಡ್ರಿ. ಎಲ್ಲಾ ಮುಗದೈತಿ. ಬಂದು ಏನ ನೋಡತೀರಿ?" ಎಂದು, ನಾನು ಮತ್ತೇನಾದರೂ ಕೇಳುವ ಮೊದಲೇ ತಿರುಗಿ ನಡೆದ. ದುಃಖದಲ್ಲಿದ್ದಾನೆಂದು ನಾನು ಅವನನ್ನು ತಡೆಯಲಿಲ್ಲ.

ಸತ್ತವರ ಗಿಡವನ್ನು ನಾವು ಹಾಗೆಯೇ ಬಿಡುವುದಿಲ್ಲ. ಊರ ಹಿರಿಯರ ಮುಂದೆ ಮನೆಯವರು ಬರಿಯ ಪೊರೆಗಳನ್ನು ಒಂದೊಂದಾಗಿ ಬೆರಳಿನಿಂದ ಸೀಳುತ್ತಾರೆ. ಪ್ರತಿ ಪೊರೆಯಿಂದಲೂ ಸಣ್ಣದೊಂದು ಉಸಿರು ಹೊರಬೀಳುತ್ತದೆ. ಎಲ್ಲ ಮುಗಿದ ಮೇಲೆ ಗಿಡವನ್ನು ಕಿತ್ತು ಹರಿಯುವ ನೀರಿಗೆ ಬಿಡುತ್ತಾರೆ. ಆಗ ಹೋದವರು ಹೋಗುತ್ತಾರೆ. ಬಿಸಿಲು ಬಲಿತು ಗಿಡ ನಿಂತಲ್ಲೇ ಒಣಗುವುದರೊಳಗೆ ಇದು ಆಗಬೇಕು. ಆಗದಿದ್ದರೆ ಅವರು ಉಳಿದುಬಿಡುತ್ತಾರೆ. ಹಾಗೆ ಉಳಿದವರು ನಮ್ಮ ಊರಿನಲ್ಲಿ ಕೆಲವರಿದ್ದಾರೆ. ಕುಂಬಾರ ಓಣಿಯಲ್ಲಿ ಒಬ್ಬ ಮುದುಕಿ ನನ್ನ ಬಾಲ್ಯದಿಂದಲೂ ಅದೇ ಅಂಗಳವನ್ನು ಗುಡಿಸುತ್ತಾಳೆ. ಮನೆಯವರು ಅವಳ ಕಸಬರಿಗೆಯನ್ನು ದಾಟಿಕೊಂಡು ಒಳಗೆ ಹೋಗುತ್ತಾರೆ, ಹೊಸ ಸೊಸೆಯರಿಗೆ ಮೊದಲ ದಿನವೇ ಅದನ್ನು ಕಲಿಸುತ್ತಾರೆ. ಹೊಲದಲ್ಲಿ ಬಿದ್ದ ಪೊರೆ ಬಿಸಿಲಿಗೆ ಸವೆದು ಕಡೆಗೆ ಬರಿಯ ನರಗಳ ಬಲೆಯಾಗುತ್ತದಲ್ಲ, ಉಳಿದವರೂ ಹಾಗೆಯೇ ಆಗುತ್ತಾರೆ. ಆ ಮುದುಕಿಯ ಮೈಯ ಆಚೆಗೆ ಈಗ ಗೋಡೆ ಕಾಣುತ್ತದೆ. ಯಾರಿಗಾಗಿ ಉಳಿದೆನೆಂಬುದು ಅವಳಿಗೆ ಮರೆತುಹೋಗಿ ಎಷ್ಟೋ ಕಾಲವಾಯಿತು. ಗುಡಿಸುವುದಷ್ಟೇ ನೆನಪಿದೆ. ನಿಂಬೆವ್ವನಿಗೆ ಆ ಗತಿ ಬರಬಾರದೆಂಬುದೊಂದೇ ನನಗಿದ್ದ ಚಿಂತೆ.

ಐದನೆಯ ದಿನ ಗುಡಿಯ ಐನಾರು ಬಂದರು. ಪಕ್ಕದ ಮನೆಯ ಕಾಳವ್ವ ಬಂದಳು. ಮನೆ ತುಂಬ ಹೆತ್ತು, ಬೆಳೆಸಿ, ಈಗ ಊರವರ ಮನೆಗಳನ್ನೆಲ್ಲ ತನ್ನ ಮನೆಯೆಂದುಕೊಂಡು ಓಡಾಡುವ ಹೆಂಗಸು ಅವಳು. ನಾನು ಮೊದಲ ಪೊರೆಗೆ ಬೆರಳು ಹಾಕುವಷ್ಟರಲ್ಲಿ ಐನಾರು, "ತಡೀರಿ ಅಪ್ಪಾರ" ಎಂದರು. ಬುಡದ ಹತ್ತಿರ, ಎಲೆಗಳ ಮರೆಯಲ್ಲಿ, ಒಂದು ಕಾಯಿ ತುಂಬಿತ್ತು. ಒತ್ತಿದರೆ ಗಟ್ಟಿಯಾಗಿತ್ತು. ಮುಟ್ಟಿದ ಬೆರಳಿಗೆ ಬೆಚ್ಚಗೂ ಆಯಿತು. ಬಿಸಿಲು ತಾಗದ ಜಾಗ ಅದು.

"ಸತ್ತವರ ಗಿಡದಾಗ ತುಂಬಿದ ಕಾಯಿ ನಾ ಎಂದೂ ಕಂಡಿಲ್ಲ" ಎಂದರು ಐನಾರು. ಜೀವವಿರುವ ಕಾಯಿಯಿರುವಾಗ ಗಿಡ ಕೀಳುವಂತಿಲ್ಲ, ಕಾಯಿಯನ್ನು ಕಿತ್ತು ಗಿಡ ಕೀಳೋಣವೆಂದರೆ ಅದಕ್ಕೂ ಶಾಸ್ತ್ರ ತಿಳಿಯದು. ಅದು ತಾನಾಗಿ ಬರಿದಾಗುವುದೇನೋ ನೋಡೋಣ ಎಂದು ಎಲ್ಲರೂ ಕೈತೊಳೆದುಕೊಂಡು ಹೋದರು. ಬಾಗಿಲ ಹೊರಗೆ ಯಾರೋ ಹೆಂಗಸು, "ಜೀವ ಗಟ್ಟಿ ಇತ್ತವಾ ಆಕಿದು. ಸತ್ತ ಮ್ಯಾಲೂ ಅರ್ಧಾ ಕೆಲಸಾ ಇಟ್ಟಾಳ" ಎನ್ನುವುದು ಕೇಳಿಸಿತು.

ಮರುದಿನದಿಂದ ಮನೆಯಲ್ಲಿ ಅಂಟು ಕಾಣತೊಡಗಿತು. ಬೆಳಿಗ್ಗೆ ಎದ್ದು ಬಾಗಿಲ ಚಿಲಕಕ್ಕೆ ಕೈಹಾಕಿದರೆ ಚೀಲಗಾಯಿ ಸುಲಿದವರು ಮುಟ್ಟಿದಂತೆ ಅಂಟು. ನೀರಿನ ಬಿಂದಿಗೆಯ ಕಂಠಕ್ಕೆ ನಾಲ್ಕು ಬೆರಳಿನ ಗುರುತು. ಅರೆಯುವ ಕಲ್ಲು ಒದ್ದೆಯಾಗಿರುತ್ತಿತ್ತು, ಆದರೆ ಅರೆದದ್ದು ಏನೂ ಇರುತ್ತಿರಲಿಲ್ಲ. ನನ್ನ ವಿಭೂತಿಯ ತಟ್ಟೆಯನ್ನು ಮಾತ್ರ ಅವಳು ಮುಟ್ಟಲಿಲ್ಲ. ಜೀವಂತ ಇರುವಾಗಲೂ ಮುಟ್ಟುತ್ತಿರಲಿಲ್ಲ. ನಾನು ಹೆದರಲಿಲ್ಲವೆಂದರೆ ಸುಳ್ಳಾದೀತು. ಹೆದರಿಕೆಯಲ್ಲಿಯೂ ಮೊದಲಿನಂತೆ ಎರಡು ರೊಟ್ಟಿ ಹೆಚ್ಚಾಗಿ ಬಡಿದು, ಮುಚ್ಚಳ ಮುಚ್ಚಿ ಇಡುತ್ತಿದ್ದೆ. ರೊಟ್ಟಿ ಹಾಗೆಯೇ ಇರುತ್ತಿತ್ತು, ಮುಚ್ಚಳ ಮಾತ್ರ ಅಂಟಾಗಿರುತ್ತಿತ್ತು.

ಇಷ್ಟನ್ನು ನಾನು ಕಾಳವ್ವನಿಗೆ ಹೇಳಿದೆ. "ಹೋಗಲಾರದ ಬಂದಾಳ ಪಾಪ. ಮುದುಕಗ ರೊಟ್ಟಿ ಬಡ್ಯಾಕ ಬರೂದಿಲ್ಲಂತ ಚಿಂತಿ ಇರಬೇಕು" ಎಂದು ಅವಳು ನನ್ನ ರೊಟ್ಟಿಯೊಂದನ್ನು ಎತ್ತಿ ನೋಡಿ, "ಇದನ್ನ ಕಂಡ್ರ ಯಾರರ ಎದ್ದ ಬರತಾರ" ಎಂದಳು. ಅಂದಿನಿಂದ ರೊಟ್ಟಿ ಅವಳ ಮನೆಯಿಂದಲೇ ಬರತೊಡಗಿತು.

ಒಂದನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ. ನಡುಮನೆಯ ತೊಲೆಗೆ ನಿಂಬೆವ್ವನ ಹಳೆಯ ಸೀರೆಯೊಂದು ಕಟ್ಟಿರುತ್ತಿತ್ತು. ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಸೀರೆ ಅದು. ಮೊದಲ ದಿನ ಅದು ತೊಲೆಯಿಂದ ಜೋತಾಡುವುದನ್ನು ಕಂಡು ಮುಖ ತಿರುಗಿಸಿಕೊಂಡೆ. ಭರಮಣ್ಣ ನೀರು ಮುಟ್ಟದೆ, ಕಣ್ಣು ಕೂಡಿಸದೆ ಹೋದದ್ದಕ್ಕೆ ಆಗ ಅರ್ಥ ಸಿಕ್ಕಿದಂತಾಯಿತು. ಜ್ವರವಲ್ಲ, ಅವಳು ನೇಣು ಹಾಕಿಕೊಂಡಿದ್ದಾಳೆ, ಅದಕ್ಕಾಗಿಯೇ ಅವಳಿಗೆ ದಾರಿ ಸಿಗುತ್ತಿಲ್ಲ ಎಂದುಕೊಂಡೆ. ಕಣ್ಣು ಮುಚ್ಚಿ ಕೈಯಿಂದಲೇ ತಡಕಾಡಿ ಸೀರೆಯನ್ನು ಬಿಚ್ಚಿ, ಮಡಿಸಿ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಮರುದಿನ ಬೀಗ ಹಾಕಿದಂತೆಯೇ ಇತ್ತು. ಸೀರೆ ತೊಲೆಯಲ್ಲಿತ್ತು. ದಿನವೂ ಬಿಚ್ಚಿದೆ, ದಿನವೂ ಕಟ್ಟಿದಳು. ನನ್ನ ಮನೆಯಲ್ಲಿ ಅವಳಿಗೆ ಅಂಥ ದುಃಖವೇನಿತ್ತೆಂದು ಗುಡಿಯಲ್ಲಿ ಕುಳಿತು ಯೋಚಿಸುತ್ತಿದ್ದೆ. ಪುರಾಣ ಓದುವಾಗ ನಡುನಡುವೆ ಸಾಲು ತಪ್ಪುತ್ತಿತ್ತು.

ಬಿಸಿಲು ಬಲಿಯಿತು. ಗಿಡದ ಎಲೆಗಳು ಅಂಚಿನಿಂದ ಹಳದಿಯಾದವು. ಬರಿಯ ಪೊರೆಗಳು ಬಿಳಿಚಿಕೊಂಡು, ಗಾಳಿಯಿಲ್ಲದಾಗಲೂ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಆ ಒಂದು ಕಾಯಿ ಮಾತ್ರ ಹಸಿರಾಗಿ ಬೆಳೆಯುತ್ತಲೇ ಇತ್ತು. ಐನಾರು ಮತ್ತೆ ಬಂದು ನೋಡಿದರು. "ಅಪ್ಪಾರ, ಇನ್ನ ಕಾಯಾಕ ಆಗೂದಿಲ್ಲ. ಗಿಡ ಒಣಗಿದ್ರ ಆಕಿ ಇಲ್ಲೇ ಉಳೀತಾಳ. ಆ ಕಾಯಿ ಆಕೀ ಆಶಾ ಇರಬೇಕು. ನೀವ ಕೀಳ್ರಿ. ಮನ್ಯಾಗಿನ ಹಿರೇರ ಕಿತ್ರ ದೋಷ ಇಲ್ಲ" ಎಂದರು. ನಾನು ಒಪ್ಪಿದೆ. ಸೋಮವಾರವೇ ಆಗಲೆಂದು ಗೊತ್ತುಮಾಡಿದೆವು.

ಆ ದಿನ ಬೆಳಿಗ್ಗೆ ಎಂದಿನಂತೆ ಸೀರೆ ಬಿಚ್ಚಿಟ್ಟು, ಸ್ನಾನ ಮಾಡಿ, ಹಿತ್ತಲಿಗೆ ಹೋದೆ. ಐನಾರು ಮಂತ್ರ ಹೇಳುತ್ತಿದ್ದರು. ನಾಲ್ಕು ಜನ ಹಿರಿಯರು ಬೇಲಿಯ ಹತ್ತಿರ ನಿಂತಿದ್ದರು. ನಾನು ಕುಕ್ಕರಗಾಲಿನಲ್ಲಿ ಕುಳಿತು ಕಾಯಿಯನ್ನು ಅಂಗೈಯಲ್ಲಿ ಹಿಡಿದೆ. ಅದು ನಿದ್ದೆಯಲ್ಲಿರುವ ಸಣ್ಣ ಪ್ರಾಣಿಯಷ್ಟು ಬೆಚ್ಚಗಿತ್ತು. ತೊಟ್ಟನ್ನು ಬೆರಳಿಗೆ ಸಿಕ್ಕಿಸಿಕೊಂಡೆ. ಆಗ ಮನೆಯೊಳಗೆ ನೆಲ ಸಾರಿಸಲು ಹೋಗಿದ್ದ ಕಾಳವ್ವನ ದನಿ ಕೇಳಿಸಿತು.

"ಅಪ್ಪಾರ, ಈ ಸೀರಿ ಯಾರ ಕಟ್ಯಾರ?"

ನಾನು ತೊಟ್ಟು ಬಿಟ್ಟು ಎದ್ದೆ. ಸ್ವಲ್ಪ ಹೊತ್ತಿನ ಮುಂಚೆ ನನ್ನ ಕೈಯಿಂದಲೇ ಬಿಚ್ಚಿದ್ದ ಸೀರೆ, ಹಾಡಹಗಲು, ತೊಲೆಯಿಂದ ಇಳಿಬಿದ್ದಿತ್ತು. ಅದರ ಬಟ್ಟೆ ಇನ್ನೂ ಮೆಲ್ಲಗೆ ತೂಗುತ್ತಿತ್ತು. ನಾನು ಬಾಗಿಲಲ್ಲಿಯೇ ಮುಖ ತಿರುಗಿಸಿ ನಿಂತು, ಇದುವರೆಗೆ ಮುಚ್ಚಿಟ್ಟದ್ದನ್ನೆಲ್ಲ ಹೇಳಿದೆ. "ಉರಲ ಹಾಕ್ಕೊಂಡಾಳವಾ ಆಕಿ. ದಿನಾ ತೋರಸಾಕತ್ತಾಳ" ಎಂದೆ.

ಕಾಳವ್ವ ಸೀರೆಯ ಕೆಳಗೆ ಹೋಗಿ ಅದನ್ನು ಹಿಡಿದು ನೋಡಿದಳು. "ನಿಮ್ಮ ಕಣ್ಣಿಗೇನ ಬಂದೈತ್ರಿ? ಎರಡೂ ತುದಿ ಕೂಡಿಸಿ ಕಟ್ಯಾಳ. ನಡುವ ಜೋಲು ಬಿಟ್ಟಾಳ. ಉರಲ ಹಿಂಗಿರತೈತೇನು? ಇದು ಜೋಳಿಗಿ. ಕೂಸಿನ ಜೋಳಿಗಿ." ಹೇಳುತ್ತಲೇ ಅವಳ ಕೈ ನಿಂತಿತು. ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿಗೆ ಓಡಿದಳು. "ಐನಾರ, ಕೈ ಹಚ್ಚಬ್ಯಾಡ್ರಿ ಆ ಕಾಯಿಗೆ. ಹೆಸರಿನ ಸಸಿ ನಾಟಿ ಆಗದ ಕೂಸಿನ ಉಸುರು ತಾಯಿ ಗಿಡದಾಗ ಇರತೈತಿ. ಕಿತ್ರ ಕೂಸ ಹೋಗತೈತಿ."

ನಮ್ಮ ಊರಿನ ಬಾಣಂತಿಯರಿಗೆಲ್ಲ ತಿಳಿದ ಮಾತು ಅದು. ಆದರೆ ಗಂಡ ತೀರಿಕೊಂಡು ಮೂರು ವರ್ಷವಾದವಳ ಗಿಡದಲ್ಲಿ ಅದನ್ನು ನೆನೆಯುವವರು ಯಾರು? ಬೇಲಿಯ ಹತ್ತಿರ ನಿಂತಿದ್ದವರಲ್ಲಿ ಒಬ್ಬ ಗಂಟಲು ಸರಿಮಾಡಿಕೊಂಡು, "ಒಂಟಿ ಗಿಡ ಕಾಯಿ ಕಟ್ಟೂದಿಲ್ಲಲ್ಲ" ಎಂದ. ಇನ್ನೊಬ್ಬ ನಕ್ಕ. ಕಾಳವ್ವ ಅವರ ಕಡೆ ತಿರುಗಿ, "ಕಟ್ಟೈತಿ ನೋಡ್ರಿ. ಕಣ್ಣಿದ್ದವರು ನೋಡ್ರಿ, ಇಲ್ಲದವರು ಮನಿಗೆ ಹೋಗ್ರಿ" ಎಂದಳು. ಐನಾರು ಮಂತ್ರ ನಿಲ್ಲಿಸಿ, ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ದೇವರ ಮನೆಗೆ ಹೋಗಿ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು, ಗಾಡಿ ಹೂಡಲು ಹೇಳಿದೆ. ಕಾಳವ್ವನೂ ಹತ್ತಿದಳು.

ಅವಳ ತವರೂರಿನಲ್ಲಿ ಚೀಲಗಾಯಿ ಬೆಳೆಯುವುದಿಲ್ಲ. ಅಲ್ಲಿಯವರಿಗೆ ನಮ್ಮ ರೂಢಿ ತಿಳಿಯದು. ಬೀಗತಿ ಬಾಗಿಲಲ್ಲಿ ಕುಳಿತು ಕಾಳು ಹಸನು ಮಾಡುತ್ತಿದ್ದವಳು ನಮ್ಮನ್ನು ಕಂಡು ಎದ್ದಳು. ಅವಳಿಗೆ ಮೈಯಲ್ಲಿ ಯಾವ ಕಾಯಿಲೆಯೂ ಇರಲಿಲ್ಲ.

"ಕೂಸ ಎಲ್ಲೈತಿ?" ಎಂದೆ.

ಅವಳು ಮೊರ ಕೆಳಗಿಟ್ಟು ಒಳಗಿನ ಕಡೆ ನೋಡಿದಳು. "ಯಾರ ಹೇಳಿದ್ರು ನಿಮಗ?"

"ನಿಂಬೆವ್ವ ಹೇಳಿದಳು."

ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲಿಯೇ ಕುಳಿತಳು. ಭರಮಣ್ಣ ಒಳಗಿನಿಂದ ಬಂದ. ಅವನು ಈಗಲೂ ನನ್ನ ಕಣ್ಣು ನೋಡಲಿಲ್ಲ. "ನಿಮ್ಮ ಮಾನಕ್ಕಂತನ ಮುಚ್ಚಿದಿವ್ರಿ. ನಾಳಿ ಸಂತಿಗೆ ಹೋಗೂ ಒಬ್ಬರು ಕೂಸನ್ನ ಒಯ್ಯತೀನಂದಾರ. ಅಲ್ಲಿಗೆ ಮುಗೀತೈತಿ" ಎಂದ.

"ನನ್ನ ಮಾನ ನಿನಗ ಯಾರ ಕಾಯಾಕ ಕೊಟ್ಟಾರಪಾ?" ಎಂದೆ. "ಅದು ನನ್ನ ಮನ್ಯಾಗಿಂದು. ನಾ ನೋಡ್ಕೋತೀನಿ."

"ಯಾರದಂತ ಕೇಳೂದಿಲ್ಲೇನ್ರಿ?" ಎಂದಳು ಬೀಗತಿ. ಅವಳ ದನಿಯಲ್ಲಿ ಹೇಳಿಬಿಡುವ ಆತುರವಿತ್ತು.

"ನಿಂಬೆವ್ವಂದು" ಎಂದೆ. ಅದಕ್ಕಿಂತ ಹೆಚ್ಚು ನಾನು ಆಗಲೂ ಕೇಳಲಿಲ್ಲ, ಈಗಲೂ ಕೇಳಿಲ್ಲ.

ಕೂಸು ದನದ ಕೊಟ್ಟಿಗೆಯಲ್ಲಿ, ಹುಲ್ಲಿನ ಮೇಲೆ ಹಾಸಿದ ಗೋಣಿಯಲ್ಲಿತ್ತು. ಹೆಣ್ಣು ಕೂಸು. ಆಡಿನ ಹಾಲಿನಲ್ಲಿ ಅದ್ದಿದ ಬತ್ತಿಯೊಂದು ಬಾಯಿಯ ಪಕ್ಕದಲ್ಲಿ ಬಿದ್ದಿತ್ತು. ಅದು ಚೀಪುವುದನ್ನು ಬಿಟ್ಟಿತ್ತು, ಅಳುವುದನ್ನೂ ಬಿಟ್ಟಿತ್ತು. ಹೆತ್ತ ದಿನವೇ ತಾಯಿ ಹೋದಳೆಂದೂ, ಅಂದಿನಿಂದ ಇದು ಹೀಗೆಯೇ ಉಸಿರು ಹಿಡಿದುಕೊಂಡಿದೆಯೆಂದೂ ಬೀಗತಿ ಗೋಡೆಗೆ ಒರಗಿ ಹೇಳಿದಳು. ಕಾಳವ್ವ ಅದನ್ನು ಎತ್ತಿಕೊಂಡು ಮುಷ್ಟಿ ಬಿಡಿಸಿದಳು. ಆಮೇಲೆ ಆ ಪುಟ್ಟ ಅಂಗೈಯನ್ನು ನನ್ನ ಬೆರಳಿಗೆ ಮುಟ್ಟಿಸಿದಳು. ಅಂಗೈ ಅಂಟಂಟಾಗಿತ್ತು. ಯಾರೋ ಈಗತಾನೆ ಹಿಡಿದು ಬಿಟ್ಟಂತೆ ಚೀಲಗಾಯಿಯ ಹುಳಿವಾಸನೆ ಬರುತ್ತಿತ್ತು.

ಗಾಡಿಯಲ್ಲಿ ಕಾಳವ್ವ ಅದನ್ನು ಎದೆಗೆ ಅವಚಿಕೊಂಡು ಬಂದಳು. ಹಾದಿಯುದ್ದಕ್ಕೂ ನಾನು ನಾಮಸ್ಮರಣೆ ಮಾಡುತ್ತಿದ್ದೆ. ಮನೆ ಮುಟ್ಟಿದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಜೋಳಿಗೆ ತೊಲೆಯಲ್ಲಿ ಹಾಗೆಯೇ ಇತ್ತು. ಕಾಳವ್ವ ಕೂಸನ್ನು ಅದರೊಳಗೆ ಮಲಗಿಸಿ, ತೂಗಲೆಂದು ಕೈ ಮುಂದೆ ಮಾಡಿದಳು. ಅವಳ ಕೈ ತಾಗುವ ಮೊದಲೇ ಅದು ತೂಗತೊಡಗಿತು. ನಾವಿಬ್ಬರೂ ಗೋಡೆಯ ಕಡೆ ಸರಿದು ದಾರಿ ಬಿಟ್ಟು ನಿಂತೆವು. ಎಷ್ಟು ಹೊತ್ತು ತೂಗಿತೋ ತಿಳಿಯದು. ಕೂಸು ಬಾಯಿ ತೆರೆದು ಅತ್ತಿತು, ಹಸಿದ ಕೂಸು ಅಳುವ ಹಾಗೆ, ಓಣಿಗೆಲ್ಲ ಕೇಳಿಸುವಂತೆ. ಆಗ ಜೋಳಿಗೆ ನಿಂತಿತು. ಕಾಳವ್ವ ಕಣ್ಣೊರೆಸಿಕೊಂಡು, "ಹಾಲ ಕಾಸ್ರಿ, ನಿಂತ್ರ ಆತೇನು" ಎಂದಳು.

ಹಾಲು ಕಾಸಿಕೊಟ್ಟು ಹಿತ್ತಲಿಗೆ ಹೋದೆ. ಕಾಯಿ ನೆಲಕ್ಕೆ ಬಿದ್ದಿತ್ತು. ಕೂಸಿಗೇನಾಯಿತೋ ಎಂದು ಕೂಗಿದೆ. ಕಾಳವ್ವ ಒಳಗಿನಿಂದಲೇ, "ಕೂಸ ಹಾಲ ಕುಡ್ಯಾಕತ್ತೈತಿ. ಮಾಗಿದ ಕಾಯಿ ತಾನ ಬೀಳತೈತ್ರಿ. ಅಷ್ಟೂ ಗೊತ್ತಿಲ್ಲೇನ ನಿಮಗ?" ಎಂದಳು. ಎತ್ತಿ ನೋಡಿದರೆ ಪೊರೆ ಬಿರಿದು, ಕಾಯಿ ತಿಳಿಹಳದಿಗೆ ತಿರುಗಿತ್ತು. ಈಗ ಅದು ತಣ್ಣಗಿತ್ತು, ಎಲ್ಲ ಕಾಯಿಗಳಂತೆ. ಅದರ ಬೀಜವನ್ನು ಕೂಸಿನ ಹೆಸರಿನ ಸಸಿಗೆಂದು ತೆಗೆದಿಟ್ಟೆ.

ಮರುದಿನ ಐನಾರನ್ನು ಕರೆಸಿ, ಉಳಿದ ಪೊರೆಗಳನ್ನು ಸೀಳಿದೆ. ಒಂದೊಂದರಿಂದಲೂ ಉಸಿರು ಬಂತು. ಕೆಲವು ನಗುವಿನ ಹಾಗಿದ್ದವು, ಒಂದು ಮಾತ್ರ, ರೊಟ್ಟಿ ಬಡಿಯುವಾಗ ಅವಳು ಬಿಡುತ್ತಿದ್ದ ಉಸಿರಿನ ಹಾಗಿತ್ತು. ಕೊನೆಯದನ್ನೂ ಸೀಳಿದೆ. ಗಿಡ ಎಳೆದರೆ ಸುಲಭವಾಗಿ ಬಂತು. ಹೊಳೆಗೆ ಬಿಟ್ಟೆವು. ಅದು ತಿರುಗುತ್ತಾ ಹೋಯಿತು, ದಡಕ್ಕೆ ತಗುಲಲಿಲ್ಲ. ಬೇಲಿಯ ಹತ್ತಿರ ನಕ್ಕಿದ್ದವನು ಆ ದಿನ ಬಂದಿರಲಿಲ್ಲ. ಐನಾರು ಹೋಗುವಾಗ ಕೂಸಿನ ಹಣೆಗೆ ತಾವೇ ವಿಭೂತಿ ಹಚ್ಚಿದರು. ಊರು ಇನ್ನೂ ಮಾತಾಡುತ್ತದೆ, ಮಾತಾಡಲಿ. ನನ್ನ ಗಿಡ ಈಗ ಒಂಟಿಯಾದ್ದರಿಂದ ಕಾಳವ್ವ ಅದನ್ನು ಬುಡದ ಮಣ್ಣಿನೊಡನೆ ಎಬ್ಬಿಸಿ ತನ್ನ ಹಿತ್ತಲಿಗೆ ಒಯ್ದಳು. "ಬರೇ ಪೊರಿ ಬಿಟ್ಟಗೊಂಡು ಕುಂತ್ರ, ಮುದುಕ ಇದ್ದಾನೋ ಹೋದನೋ ನಮಗ ಹೆಂಗ ತಿಳೀಬೇಕು" ಎಂದಳು.

ಅದರ ಮರುದಿನ ಬೆಳಿಗ್ಗೆ ಎದ್ದು ಬಾಗಿಲ ಚಿಲಕ ಮುಟ್ಟಿದೆ. ಒಣಗಿತ್ತು. ಬಿಂದಿಗೆಯ ಕಂಠ ಮುಟ್ಟಿದೆ, ಅರೆಯುವ ಕಲ್ಲು ಮುಟ್ಟಿದೆ. ಎಲ್ಲವೂ ಒಣಗಿದ್ದವು. ಇದಕ್ಕಾಗಿಯೇ ಅಷ್ಟು ದಿನ ಬೇಡಿಕೊಂಡಿದ್ದೆ. ಅವಳು ಹೋದ ಸುದ್ದಿ ತಿಳಿದ ದಿನ ಬಾರದ ಅಳು ಆ ಒಣಗಿದ ಕಲ್ಲಿನ ಮುಂದೆ ಬಂತು. ಜೋಳಿಗೆಯಲ್ಲಿ ಕೂಸು ಎದ್ದು ಅಳತೊಡಗಿದಾಗ ನಾನೇ ಹೋಗಿ ತೂಗಿದೆ, ಮತ್ತು ತೂಗುತ್ತಾ ಬೇಡಿಕೊಂಡೆ.

ಶಿವನೇ, ನಿಂಬೆವ್ವ ನಿನ್ನ ಹಾದಿ ಹಿಡಿದಿದ್ದಾಳೆ. ಅವಳಿಗೆ ನೆರಳು ಕೊಡು, ಕುಡಿಯಲು ನೀರು ಕೊಡು, ಕಾಲಿಗೆ ಮುಳ್ಳು ತಾಗದಿರಲಿ. ಯಾರಾದರೂ ಅವಳನ್ನು ಏನಾದರೂ ಕೇಳಿದರೆ ಅವಳ ಪರವಾಗಿ ನೀನೇ ಉತ್ತರ ಹೇಳು. ಇಲ್ಲಿ ಈ ಕೂಸು ಅತ್ತಾಗ ಅವಳ ಕಿವಿಗೆ ಅದು ಬೀಳದಂತೆ ಮಾಡು ತಂದೆ. ಅವಳು ನಿಲ್ಲದೆ ನಡೆಯಲಿ. ಹಿಂದಕ್ಕೆ ತಿರುಗಿ ನೋಡದಿರಲಿ. ಅವಳ ಆತ್ಮಕ್ಕೆ ಶಾಂತಿ ಕೊಡು.